ಮೊಣಕೈ

ರೊಟ್ಟಿ ಬಡಿಯೂವಾಗ ನಿದ್ದಿ ಹತ್ತಿತ್ತು.
ಕಾದ ಹಂಚಿನ ಮ್ಯಾಲೆ ಅಂಗೈ ಊರಿದಾಗ ಎಚ್ಚರಾತು.
ಬೊಬ್ಬಿ ಎದ್ದ ಕೈಗೆ ನೀರು ಸುರಕೋತ ನೀಲವ್ವ ಕೇಳಿದ್ಲು:
ಅಕ್ಕಾ, ರಾತ್ರಿಯೆಲ್ಲಾ ಏನ್ ಕಳವಿಗೆ ಹೋಗಿದ್ದಿ?

ಎಲ್ಲಿಗೂ ಹೋಗಿದ್ದಿಲ್ಲ. ಒಂಬತ್ತಕ್ಕ ಅಡ್ಡಾಗಿ
ಐದಕ್ಕ ಎದ್ದಿದ್ದೆ.
ಆದ್ರೂ ಮೈಯಾಗ ಹಮಾಲನ ದಣಿವು,
ಬಾಯಾಗ ಜ್ವಾಳದ ಹಿಟ್ಟು ಮುಕ್ಕಿದಂಗ.

ಗೊರಕಿ ಹಳೇದು. ಸ್ಟೇಶನ್ ರೋಡಿನ ನಮ್ಮ ಖಾನಾವಳಿ ಮಾಳಿಗಿ ಮ್ಯಾಲೆ
ಶಂಟಿಂಗ್ ಇಂಜಿನ್ ಯಾವುದು, ಇಕಿ ಯಾವಾಕಿ,
ಗುರುತು ಹತ್ತೂದಿಲ್ಲಂತ ಅವರು ಗಿರಾಕಿ ಮುಂದ ನಗಸ್ತಿದ್ರು.
ಹೆಣಮಕ್ಕಳು ಗೊರಕಿ ಹೊಡಿಬಾರ್ದು ಅಂತಿದ್ಲು ನಮ್ಮತ್ತಿ.
ನಿಲ್ಲಸೂ ಗುಂಡಿ ಎಲ್ಲೈತಿ ಅಂತ ಹೇಳಲಿಲ್ಲ.

ನಗಿ ಹಗಲಿಗೆ. ರಾತ್ರಿ ತಿವಿತ.
ಬಲಪಕ್ಕಡಿಗೆ ಮೊಣಕೈ,
ಒಂದ್ ಸಲ, ಮತ್ತೊಂದ್ ಸಲ, ಬೆಳಕ ಹರಿಯೂತನಾ,
ಇಪ್ಪತ್ತೆಂಟು ವರ್ಷ.
ಸಿಟ್ಟಿಗೆದ್ದು ದಿಂಬು ಬಗಲಾಗಿಟ್ಕೊಂಡು
ಕಾಳಿನ ಖೋಲಿಗೆ ಹೋದ್ರ
ಅಲ್ಲಿಗೂ ಚಾಪಿ ತಂದು ಹಾಸೂರು.
ಈ ಮನಷ್ಯಾ ನನ್ನ ಮಲಗಾಕ ಬಿಡೂದಿಲ್ಲ ಅಂತಿದ್ದೆ.

ವಿದ್ಯಾನಗರದ ಆಸ್ಪತ್ರಿ, ಮೂರನೇ ಮಾಳಿಗಿ.
ಗಂಡನ ಹೆಸರು ಕೇಳಿದ್ರು.
ಒಡಪು ಹಾಕಲಿಲ್ಲ, ಹಂಗ ಹೇಳಿದೆ: ಫಕ್ಕೀರಪ್ಪ.
ಹೋಗಿ ಎರಡು ವರ್ಷಾತು.
ರಾತ್ರಿ ನಿಮ್ಮ ಬಾಜೂಕ ಮಲಗೂರು ಯಾರರ ಅದಾರೇನ್ರಿ?
ಅದಕ್ಕೂ ಅದ ಉತ್ತರ.

ಮಕ್ತುಂ ಅನ್ನೂ ಹುಡುಗ, ಮೀಸಿ ಈಗ ಬರಾಕತ್ತಾವ,
ನೆತ್ತಿಗೆ, ಗದ್ದಕ್ಕ, ಕಣ್ಣಂಚಿಗೆ, ಮೀನಖಂಡಕ್ಕ
ವಾಯರ್ ಅಂಟಿಸಿದ. ಇಪ್ಪತ್ತೆರಡು ಎಣಿಸಿದೆ.
ಬೆರಳಿಗೆ ಕೆಂಪು ದೀಪ.
ತಲಿಗೆ ಎಣ್ಣಿ ಹಚ್ಚಬ್ಯಾಡ್ರಿ ಅಂದಿದ್ದಿಲ್ಲೇನ್ರಿ ಅಮ್ಮಾ, ಅಂದ.
ಪರಮನಿಗೆ ಮಲಗಾಕ ಹೊಂಟಾಕಿ
ತಲಿ ಬಾಚದ ಹೆಂಗ ಬರ್ಲೋ?
ಗಾಜಿನ ಆಚೆ ಕುಂತು ರಾತ್ರಿ ಪೂರ್ತಿ ನನ್ನ ನಿದ್ದಿ ನೋಡಿದ.
ಯಾರೂ ತಿವಿಲಿಲ್ಲ.

ಮುಂಜಾನೆ ಕಾಗದ ತೋರಿಸಿದ. ದಿನ್ನಿ, ತಗ್ಗು, ದಿನ್ನಿ, ತಗ್ಗು,
ಆಮ್ಯಾಲೆ ಬರೇ ಬಯಲು.
ಈ ಬಯಲಿದ್ದಲ್ಲೆ ನಿಮ್ಮ ಉಸರು ನಿಂತಿತ್ರೀ.
ತಾಸಿಗೆ ನಲವತ್ತೊಂದು ಸಲ. ಒಮ್ಮೆ ಐವತ್ತು ಸೆಕೆಂಡು.
ಐವತ್ತು ಸೆಕೆಂಡಿಗೆ ನಾ ಒಂದು ರೊಟ್ಟಿ ಬಡದು
ಹಂಚಿಗೆ ಹಾಕ್ತೀನಿ.
ಇಷ್ಟು ದಿನ ಯಾರೂ ನೋಡಿದ್ದಿಲ್ಲೇನ್ರಿ?

ಬಲಪಕ್ಕಡಿ ಮುಟ್ಟಿ ನೋಡಿಕೊಂಡೆ.
ನೋಡಿದ್ರಪಾ ಅಂದೆ. ಮುಂದ ದನಿ ಬರಲಿಲ್ಲ.

ಎರಡು ಪಾಟಲಿ ಹೋಗಿ ಮಷೀನು ಬಂತು,
ಡಬರಿಗಿಂತ ಸಣ್ಣದು.
ಅವರು ಹೋದಾಗೂ ಬಿಚ್ಚದ ಮೂಗಬಟ್ಟು
ಮಾಸ್ಕಿಗೆ ಒತ್ತತೈತಂತ ಬಿಚ್ಚಿದೆ.
ನಳದ ನೀರು ಹಾಕಬ್ಯಾಡ್ರಿ ಅಂದ ಮಕ್ತುಂ.
ನಮ್ಮ ನಳಾ ಬರೂದ ಎಂಟು ದಿನಕ್ಕೊಮ್ಮೆ,
ನೀ ಚಿಂತಿ ಮಾಡಬ್ಯಾಡ ಅಂದೆ.

ಮೊದಲನೇ ರಾತ್ರಿ ಕಿತ್ತೊಗದೆ.
ಎರಡನೇದು, ಬಾಯಿ ತೆರದ್ರ ಬುಸ್ ಅಂತ ಗಾಳಿ;
ನೀಲವ್ವ ಹಾವು ಅಂತ ಎದ್ದು ದೀಪಾ ಹಚ್ಚಿದ್ಲು.
ಮೂರನೇ ರಾತ್ರಿ ಅತ್ತೆ, ಮಾಸ್ಕಿನೊಳಗ,
ಅಳಾಕೂ ಸರಿ ಬರವಲ್ದು.
ಎಂಟನೇದೋ ಒಂಬತ್ತನೇದೋ,
ಗೂಡ್ಸ್ ಗಾಡಿ ಹೋದದ್ದು ಕೇಳಲೇ ಇಲ್ಲ.

ಅವ್ವಾರ, ಗಲ್ಲದ ಮ್ಯಾಲೆ ಏನದು ಗೀರು? ಗಿರಾಕಿ ಕೇಳತಾರ.
ನಿದ್ದಿ ಮಾಡೇನ್ರೀ ಅಂತೀನಿ.

ಮಧ್ಯಾಹ್ನ ಗಲ್ಲಾದಾಗ ಕುಂತಲ್ಲೆ ತೂಕಡಿಸಿದ್ರ
ನಾಕ ಮಂದಿ ಮುಂದ ಬೈತಿದ್ದೆ ಅವರನ್ನ:
ರಾತ್ರಿ ಸಾಲದೇನು ನಿಮಗ?
ನಕ್ಕು ಚಿಲ್ಲರೆ ಎಣಸೂರು.
ಅವರ ತಲಿ ಆನಿದ ಕಡೆ ಗ್ವಾಡಿಗೆ ಎಣ್ಣಿ ಕಲಿ ಐತಿ,
ಅಂಗೈಯಗಲ.
ಮೊನ್ನೆ ಬಣ್ಣದವ ಬಂದಿದ್ದ.
ಅಷ್ಟು ಬಿಟ್ಟು ಹೊಡಿ ಅಂದೆ.