ಚಾವಿ ಕೊಡುವುದು

ಮುಂದ ಇದನ್ನ ಕೈಯಾಗ ಹಿಡಿಯೋರಿಗೆ,

ಲಕ್ಕುಂಡಿಯ ಈ ಕಲ್ಲಿನ ಸಂದ್ಯಾಗ
ಡಬ್ಬಿ ಸಿಕ್ಕಿತಲ್ಲ ನಿಮಗ, ಶಾಬಾಸ್.
ಮೊದಲ ಸುತ್ತ ನೋಡ್ರಿ. ಕುರಿ ಕಾಯೋ ಹುಡುಗ ನಿಂತು ನೋಡಾಕತ್ತಿದ್ದರ
ಬೂಟಿನ ಲೇಸ್ ಕಟ್ಟಿಕೊಂಡಂಗ ಮಾಡ್ರಿ.
ಆಮ್ಯಾಲೆ ಮುಚ್ಚಳ ತಗೀರಿ.

ಒಂದು ಹಿತ್ತಾಳಿ ಚಾವಿ ಐತಿ,
ಪಾತರಗಿತ್ತಿ ರೆಕ್ಕಿಯಂಥ ಎರಡು ಕಿವಿ,
ಕೊರಳಿಗೆ ತಗಡಿನ ಬಿಲ್ಲೆ.
ಬಿಲ್ಲೆ ಮ್ಯಾಲಿನ ನಂಬರು ಗಟ್ಟಿಯಾಗಿ ಓದಬ್ಯಾಡ್ರಿ,
ಫೋಟೋ ತಗದರ ಹೆಬ್ಬಟ್ಟು ಅಡ್ಡ ಇಡ್ರಿ.
ಮುಟ್ಟಿದವರಿಗಷ್ಟ ಗೊತ್ತಿರಬೇಕಾದ ಹೆಸರು ಅದು.

ನಾನು ತುಳಜಾಸಾ ಬಾಕಳೆ,
ಹುಬ್ಬಳ್ಳಿ ದಾಜಿಬಾನ ಪೇಟೆಯೊಳಗ ವಾಚ್ ರಿಪೇರಿ.
ಮೂವತ್ತೊಂದು ವರ್ಷ ಮಂದಿ ವಾಚಿಗೆ ಚೀಟಿ ಕಟ್ಟೀನಿ,
ಒಂದನ್ನೂ ನನ್ನ ಮುಂಗೈಗೆ ಕಟ್ಟಿಕೊಂಡಿಲ್ಲ.
ಇದನ್ನ ಮೊದಲ ಹೇಳಾಕ ಕಾರಣ ಐತಿ.

ಅಕ್ಕನ ಮಗ ಪರಶುರಾಮ ಈ ಆಟ ಕಲಿಸಿದ.
ಉಣಕಲ್ ಕೆರಿ ದಂಡ್ಯಾಗ ಸಿಕ್ಕಿತ್ತು ಚಾವಿ.
“ಮಾಮಾ, ಇದು ಒಯ್ಯೋ ಸಾಮಾನು, ಇಟ್ಟುಕೊಳ್ಳೋದಲ್ಲ.
ಒಯ್ದೀನಿ ಅಂತ ಬರೀಬೇಕು, ಇಟ್ಟೀನಿ ಅಂತ ಬರೀಬೇಕು.”
ಬದಲಿಗೆ ಏನಾರ ಇಡಬೇಕೇನು ಅಂದೆ. ಬ್ಯಾಡ ಅಂದ.
ಅಕ್ಕಗ ಒಪ್ಪಲಿಲ್ಲ ಅದು. ಮಂದಿ ಡಬ್ಬಿ ಬರಿದ ಬಿಡತಾರೇನು ಅಂತ
ಪುಡಿಕ್ಯಾಗ ಸಕ್ಕರಿ ಕಟ್ಟಿ ಹುಡುಗನ ಕೈಯಾಗ ಕಳಿಸಿದಳು.
ಮರುವಾರ ಹೋದರ ಕೆರಿಯ ಇರುವಿಗೆಲ್ಲ ಹಬ್ಬ.
ತಿನ್ನೋದು ಹಾಕಬ್ಯಾಡ್ರಿ.

ಚಾವಿಯ ಹಿಂದ ಒಂದು ಮಾತೂ ಇತ್ತು,
ಹೆಸರು ತಿರುಗದ ಯಾವುದೋ ಊರಿನ ಮುದುಕಿಯದು.
ಹುಡುಗ ಫೋನಿನ್ಯಾಗ ಓದಿ ಹೇಳಿದ:
“ಗಡಿಯಾರ ಮಾರಿದೆ. ಚಾವಿ ಮಾರಾಕ ಮನಸಾಗಲಿಲ್ಲ.
ಎಲ್ಲಿಯೂ ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸಬ್ಯಾಡ್ರಿ ಇದನ್ನ.”

ನನ್ನ ಅಂಗಡಿ ಗ್ವಾಡಿ ಮ್ಯಾಲೆ ಅಪ್ಪನ ಗಡಿಯಾರ ಐತಿ.
ಅದರ ಚಾವಿ ಕಳದು ಹನ್ನೊಂದು ವರ್ಷ.
ಇನ್ನೊಂದು ಮಾಡಿಕೊಳ್ಳಬಹುದಿತ್ತು, ಅರ್ಧ ದಿನದ ಕೆಲಸ.
ಮಾಡಲಿಲ್ಲ. ಯಾಕ ಅಂತ ಕೇಳಬ್ಯಾಡ್ರಿ,
ಬಡಿಗ್ಯಾನ ಮನ್ಯಾಗ ಮಂಚ ಯಾವತ್ತೂ ಮೂರು ಕಾಲಿಂದ.

ಸುಮ್ನ ಹಚ್ಚಿ ನೋಡಿದೆ.
ಕೂತಿತು.
ಹನ್ನೆರಡು ಸುತ್ತು.
ಎದುರಿಗಿನ ಟೇಲರ್ ಹುಸೇನಸಾಬ
ಕತ್ತರಿ ನಿಲ್ಲಿಸಿ ತಲಿ ಎತ್ತಿದ,
ಯಾರೋ ಸತ್ತವರು ಕೆಮ್ಮಿದಂಗ.

ಎಂಟು ದಿನದ ಗಡಿಯಾರ ಅದು.
ಎಂಟು ದಿನ ಆತು, ಇನ್ನೊಮ್ಮೆ.
ಇದೊಂದು ಸಲ, ಇದೊಂದು ಸಲ ಅಂತ
ಆರು ಸಲ.

ಮುದುಕಿ ಸಿಟ್ಟು ಮಾಡಲಿಲ್ಲ.
“ಚಾವಿ ಆರಾಮ ಐತೇನು?” ಅಂತ ಕೇಳಿದ್ದಳು, ಅಷ್ಟ.
ಬೈದಿದ್ದರ ತಿರುಗಿ ಬೈಬಹುದಿತ್ತು, ನಮ್ಮ ಪೇಟ್ಯಾಗ ಅದು ಎಲ್ಲಾರಿಗೂ ಬರತೈತಿ.
ಆರಾಮ ಐತೇನು ಅಂದರ ಏನಂತ ಹೇಳೋದು?
ನನ್ನ ಅಂಗಿ ಕಿಸೆದಾಗ ಅದರ ಮೈ ಬೆಚ್ಚಗಿತ್ತು.

ಇವತ್ತು ರವಿವಾರ. ಏಳನೇ ಸಲ ತಿರುವಿ
ಗದಗ ಪ್ಯಾಸೆಂಜರ್ ಹಿಡಿದೆ.
ಅಣ್ಣಿಗೇರಿ, ಹುಲಕೋಟಿ, ಎರಿ ಹೊಲದ ಬಿಸಿ ಗಾಳಿ ಕಿಟಕ್ಯಾಗ.
ಬಾಜೂದವರು ಟೈಮ್ ಕೇಳಿದರು,
ಗೊತ್ತಿಲ್ಲರಿ ಅಂದೆ, ಮೂವತ್ತೊಂದು ವರ್ಷದಾಗ ಮೊದಲ ಸಲ.

ಈಗ ಇದು ನಿಮ್ಮದಲ್ಲ, ನಿಮ್ಮ ಕೈಯಾಗ ಐತಿ.
ಸಣ್ಣ ಡಬ್ಬ್ಯಾಗ ತುರುಕಬ್ಯಾಡ್ರಿ, ರೆಕ್ಕಿ ಬಾಗತಾವು.
ನೀರು ನುಸಳೋ ಕಡೆ ಬ್ಯಾಡ.
ಇಟ್ಟ ದಿನಾನ ಬರೀರಿ,
ನಕಾಶಿ ಮುಂದ ಒಬ್ಬಾಕಿ ಕುಂತಿರತಾಳ.

ಚಾವಿ ಕೊಡೋದು ಅಂದರ ನಮ್ಮ ಮಾತಿನ್ಯಾಗ ಎರಡು ಕೆಲಸ.
ಒಂದನ್ನ ಏಳು ಸಲ ಮಾಡೀನಿ.
ಇನ್ನೊಂದನ್ನ ಈಗ, ಈ ಕಲ್ಲಿನ ಮುಂದ ಕುಂತು.

ಬರೋ ಸೋಮವಾರ ಅಂಗಡಿ ಗಡಿಯಾರ ನಿಲ್ಲತೈತಿ,
ಹುಸೇನಸಾಬ ಮತ್ತ ತಲಿ ಎತ್ತತಾನ.

ನಿಮ್ಮ ಮನ್ಯಾಗೂ ನಿಂತದ್ದು ಒಂದು ಇದ್ದರ
ಹಚ್ಚಿ ನೋಡ್ರಿ.
ಒಂದ ಸಲ.