ಪಕ್ಕಾ ಬಣ್ಣ

ಮಸ್ಕತ್ತಿನಲ್ಲಿ ಭಾನುವಾರ ರಜೆಯಲ್ಲ.
ಎಂಟೂ ನಲವತ್ತಕ್ಕೆ ದಾವಲಸಾಬರು ಬರುತ್ತಾರೆ
ರೂವಿಯಿಂದ ಎರಡು ಬಸ್ಸು ಬದಲಿಸಿ,
ಉಗುರಿನಡಿ ಕಪ್ಪು ಹಾಗೇ ಇಟ್ಟುಕೊಂಡು.
ಲಾಂಡ್ರಿಯ ಹಿಂಬದಿ ಕೋಣೆಯಲ್ಲಿ
ಮಾಸಿದ ಅಬಾಯಗಳಿಗೆ ಮತ್ತೆ ಕತ್ತಲೆ ಕುಡಿಸುವ ಕೆಲಸ,
ಇಪ್ಪತ್ತಾರು ವರ್ಷ.
ಅದಕ್ಕೂ ಮುಂಚೆ ಇಳಕಲ್ಲು, ಅಪ್ಪನ ಕಡಾಯಿ,
ಮೊಳಕೈತನಕ ಸೆರಗಿನ ಕೆಂಪು.

ಬಣ್ಣದ ಕೆಲಸ ಏನಾದರೂ ಮಾಡಿದ್ದೀರಾ
ಎಂದು ಡಾಕ್ಟರು ಕೇಳಿದರಂತೆ.
ಇವರು ಹೆಮ್ಮೆಯಿಂದ ಹೂಂ ಅಂದರಂತೆ.

ಮೊದಲ ದಿನ ಮೂರು ಚುಕ್ಕೆ ಚುಚ್ಚಿದೆ,
ಹೊಕ್ಕುಳ ಕೆಳಗೊಂದು, ಸೊಂಟದ ಎರಡೂ ಬದಿಗೆ ಒಂದೊಂದು,
ಸಾಸಿವೆಯಷ್ಟೇ.
"ನಮ್ಮಾಗ ಹಚ್ಚಿ ಹಾಕಂಗಿಲ್ಲ ತಂಗಿ."
ಹಚ್ಚೆಯಲ್ಲ, ಕಿರಣಕ್ಕೆ ದಾರಿ ತೋರುವ ಗುರುತು ಎಂದೆ.
"ತೊಳದ್ರ ಹೋಗತೈತೇನು?"
ಇಲ್ಲ.
"ಪಕ್ಕಾ ಬಣ್ಣ ಅನ್ನು," ಎಂದು
ಬಗ್ಗಿ ನೋಡಿಕೊಂಡರು, ಕಸುಬಿನವರ ಕಣ್ಣಲ್ಲಿ.

ವಾರಕ್ಕೊಂದರಂತೆ ಆರು.
ಗುಣ ಮಾಡಲಿಕ್ಕಲ್ಲ, ಹಾಗೆಂದು ಫೈಲಿನಲ್ಲಿದೆ.
ರಕ್ತ ನಿಲ್ಲಲಿ, ರಾತ್ರಿ ಎಂಟು ಸಲ ಏಳುವುದು
ಮೂರಕ್ಕಿಳಿಯಲಿ, ಅಷ್ಟೇ.
ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ನನಗೆ ಬಿತ್ತು.
ಹೊನ್ನಾವರದ ಮೊಗೇರರ ಹುಡುಗಿ ನಾನು,
ಮೀನಿನ ಲೆಕ್ಕ ಬಿಟ್ಟು ಬೇರಾವ ಕೆಟ್ಟ ಸುದ್ದಿಯನ್ನೂ
ನನ್ನ ಭಾಷೆಯಲ್ಲಿ ಹೇಳಿದವಳಲ್ಲ.
"ಚೀಟಿ ಆಗಲೇ ಓದಿಸೇನಿ," ಎಂದರು. "ನೀ ನಿನ್ನ ಕೆಲಸ ಮಾಡು."

ಮಲಗುವ ಮುನ್ನ ಬರಿದು ಮಾಡಿ ಬರಬೇಕು.
ಹೊರಬಂದು ಬಾಗಿಲಲ್ಲೇ ನಿಂತು ವರದಿ:
"ಸೆರಗಿನ ಕೆಂಪು, ಎರಡನೇ ಅದ್ದು."
ಮುಂದಿನ ವಾರ ಅದೇ ಕೆಂಪು, ಮೇಲೆ ಉರಿ,
ಮೆಣಸಿನಕಾಯಿ ಕುಟ್ಟಿಟ್ಟಂತೆ.
ಮೂರನೆಯ ಭಾನುವಾರ ಬರಲಿಲ್ಲ.
ಈದಿಗೆ ಮುನ್ನೂರು ಅಬಾಯ, ಮಾಲೀಕ ಬಿಟ್ಟಿಲ್ಲ.
ಸೋಮವಾರ ಬಂದರು, ಬೈಸಿಕೊಂಡರು,
"ದಾಳಿಂಬ್ರಿ ಸಿಪ್ಪಿ," ಎಂದರು.

ಗೇಣುದಪ್ಪದ ಬಾಗಿಲು ಮುಚ್ಚಿದ ಮೇಲೆ
ಒಳಗೆ ಅವರು, ಹೊರಗೆ ನಾನು, ನಡುವೆ ಮೈಕು.
ಅಲುಗಾಡಬೇಡಿ.
ಪರದೆಯ ಮೇಲೆ ಬೂದು ಚೀಲ,
ಅದರ ಎಡಗೋಡೆಗೆ ಕಚ್ಚಿಕೊಂಡ ಗಡ್ಡೆ,
ಬೆನ್ನಿಗೇ ಕರುಳು, ಅದನ್ನು ಸುಡಬಾರದು.
ಲೋಹದ ಎಸಳುಗಳು ಮಗ್ಗದ ಹಣಿಗೆಯ ಹಲ್ಲಿನಂತೆ
ಸರಿಯುತ್ತವೆ, ಗಡ್ಡೆಯ ಅಂಚು ಹಿಡಿದು ಕಿಂಡಿ ಬಿಡುತ್ತವೆ.
ಯಂತ್ರದ ತಲೆ ಅವರ ಸುತ್ತ ನಿಧಾನ ತಿರುಗುತ್ತದೆ.
ನಾಲ್ಕು ನಿಮಿಷ.
ಏನೂ ಕಾಣುವುದಿಲ್ಲ, ಏನೂ ನೋಯುವುದಿಲ್ಲ.
"ಬಣ್ಣಿಲ್ಲದ್ದು ಬಣ್ಣ ತಗೀತೈತಂತ," ಎಂದು
ಒಳಗಿನಿಂದ ಮೈಕಿಗೆ ಕೇಳುವಷ್ಟು ಮೆಲ್ಲಗೆ.
ಮಾತಾಡಬೇಡಿ.

ನಾಲ್ಕನೆಯ ವಾರ ಗುಲಾಬಿ, ಅದೂ ತೆಳು.
ಅವತ್ತೇ ನನ್ನ ಸಮವಸ್ತ್ರದ ಹೆಗಲು ನೋಡಿದರು,
ಒಗೆದು ಒಗೆದು ಬಿಳಿಚಿದ್ದು.
"ಇದನ್ಯಾರು ನೀಲಿ ಅಂದ್ರು? ಕೊಡು ಇಲ್ಲಿ."
ರೋಗಿಗಳಿಂದ ಏನೂ ತಗೊಳ್ಳಬಾರದು ಎಂದಿದೆ ನಿಯಮ.
ಕೊಡಬಾರದು ಅಂತ ಎಲ್ಲೂ ಬರೆದಿಲ್ಲ.
ಕೊಟ್ಟೆ.

ಆರನೆಯ ದಿನ ಏನೂ ಹೇಳಲಿಲ್ಲ.
ಮಾದರಿಯ ಡಬ್ಬಿಯನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು
ತುಂಬಾ ಹೊತ್ತು ನಿಂತರು.
"ಜಲಮದಾಗ ಮೊದಲ್ನೇ ಸಲ," ಎಂದರು,
"ಬಣ್ಣ ಬಿಟ್ಟಿದ್ದಕ್ಕ ಖುಷಿ ಆತು."
ಕಾಗದದಲ್ಲಿ ಸುತ್ತಿದ ನೀಲಿಯನ್ನು
ಕಂಪ್ಯೂಟರಿನ ಪಕ್ಕ ಇಟ್ಟು ಹೋದರು.

ಏಳನೆಯ ಭಾನುವಾರ ಆ ಹೊತ್ತಿಗೆ ಬೇರೆ ಹೆಸರು,
ಸೂರಿನ ಮೀನುಗಾರನೊಬ್ಬನ ಗಂಟಲು.
ಇಲ್ಲಿ ಮುಗಿಸಿದವರು ಇಲ್ಲಿಗೆ ಮರಳುವುದು ಕಡಿಮೆ,
ಬಂದರೂ ಆಸ್ಪತ್ರೆಯ ಇನ್ನೊಂದು ಬಾಗಿಲಿನಿಂದ.

"ಮೊದಲ ನೀರಿಗಿ ಉಪ್ಪು ಹಾಕು,
ಬ್ಯಾರೆ ಅರಿವಿ ಕೂಡಿಸಬ್ಯಾಡ," ಎಂದಿದ್ದರು.
ಬಕೆಟ್ಟಿನಲ್ಲಿ ಒಂಟಿಯಾಗಿ ನೆನೆಹಾಕಿದೆ.
ನೀರು ತುಸು ನೀಲಿಯಾಯಿತು, ತುಸುವೇ.
ಚೆಲ್ಲಲು ಹೋದವಳು
ಬೆಳಗಿನ ತನಕ ಹಾಗೇ ಇಟ್ಟೆ.