ಇಪ್ಪತ್ತು ಕಾಳು

ಗಣಿಯೂರು ಟ್ಕಿಬುಲಿ. ಒಂಬತ್ತನೇ ಕ್ಲಾಸು.
ಶುಕ್ರವಾರದ ಕೊನೆಯ ಪಿರಿಯಡ್ಡು, ಪೌರನೀತಿ.
ಆಕಳಿಸುವ ಮಕ್ಕಳ ಮುಂದೆ
ಮನೆಯ ಡಬ್ಬದಿಂದ ಕೆಂಪು ಬೀನ್ಸ್ ಕಾಳು
ಇಪ್ಪತ್ತು ಎಣಿಸಿ ಸುರಿದೆ:
'ಇದು ಊರಿನ ಬೊಕ್ಕಸ. ಹಂಚಿ.'

ನೆಲದ ಮೇಲೆ ಸೀಮೆಸುಣ್ಣದ ಚೌಕಗಳು:
ರಸ್ತೆ, ಆಸ್ಪತ್ರೆ, ನೀರಿನ ಕೊಳವೆ, ಬೀದಿದೀಪ,
ಮೇಯರ್ ಆಫೀಸಿನ ಮುಂದೊಂದು ಕಾರಂಜಿ.

ಮೊದಲು ನಗು. ತೋರ್ನಿಕೆ ಒಂದು ಕಾಳನ್ನು
ಮೂಗಿಗೇರಿಸಿದ.
ಆಮೇಲೆ ಏನಾಯಿತೋ, ದನಿ ಏರಿತು.
ನುತ್ಸಾ ದೀಪಕ್ಕೆ ಐದಿಟ್ಟಳು,
ಟ್ಯೂಷನ್ ಮುಗಿಸಿ ಕತ್ತಲಲ್ಲಿ ಬರುವವಳು.
ಲಶಾ ಅದರಲ್ಲಿ ಎರಡೆತ್ತಿ ಆಸ್ಪತ್ರೆಗೆ ಸರಿಸಿದ:
'ಅಜ್ಜನ ಕೆಮ್ಮಿನಲ್ಲಿ ಇನ್ನೂ ಕಲ್ಲಿದ್ದಲು ಬರ್ತದೆ.'
ಅವಳು ಒಂದನ್ನು ಕಿತ್ತುಕೊಂಡಳು.
ಇನ್ನೊಂದನ್ನು, ಕೈ ಚಾಚಿದವಳು, ಬಿಟ್ಟಳು.

ಆ ಬಿಟ್ಟ ಕಾಳಿನ ಬಗ್ಗೆ
ಪಠ್ಯಪುಸ್ತಕದಲ್ಲಿ ಎರಡು ಅಧ್ಯಾಯವಿದೆ.
ವರ್ಷವಿಡೀ ಓದಿಸಿದ್ದೇನೆ,
ಯಾರ ತಲೆಗೂ ಹತ್ತಿರಲಿಲ್ಲ. ನನ್ನದಕ್ಕೂ.

ಬೆಲ್ಲಿಗೆ ಎರಡು ನಿಮಿಷವಿರುವಾಗ
ಅಷ್ಟು ಹೊತ್ತೂ ಬಾಯಿಬಿಡದ ಮ್ಜೆವಿನಾರ್,
ಅಕ್ಕನ ಸ್ವೆಟರಿನೊಳಗೆ ಬೆರಳು ಅಡಗಿಸಿಕೊಂಡೇ ಕೂತಿದ್ದವಳು,
'ಟೀಚರ್, ಇಪ್ಪತ್ತೇ ಅಂತ ಎಣಿಸಿದ್ದು ಯಾರು?'

ನಾನೇ, ಅಂದೆ.

'ಡಬ್ಬದಲ್ಲಿ ಇನ್ನೆಷ್ಟಿವೆ?'

ಬೆಲ್ಲಾಯಿತು. ಯಾರೂ ಏಳಲಿಲ್ಲ.
ಹದಿನಾರು ಜೊತೆ ಕಣ್ಣು
ನನ್ನ ಕಂಕುಳಲ್ಲಿದ್ದ ಡಬ್ಬದ ಮೇಲೆ.

ರಾತ್ರಿ ಲೋಬಿಯೊಗೆ ನೆನೆಹಾಕುವಾಗ
ಸೀಮೆಸುಣ್ಣದ ಬಿಳುಪು ನೀರಿಗಿಳಿಯಿತು.
ಇಪ್ಪತ್ತರಲ್ಲಿ ಹದಿನೆಂಟೇ.
ಒಂದು ತೋರ್ನಿಕೆಯ ಮೂಗಿನದು, ಎಸೆದಿದ್ದೆ.
ಇನ್ನೊಂದು ಯಾರ ಜೇಬಿನಲ್ಲಿದೆಯೋ.
ಹುಡುಕಲಿಲ್ಲ.
ಸೋಮವಾರದೊಳಗೆ
ಡಬ್ಬದಲ್ಲಿರುವುದನ್ನೆಲ್ಲ ಎಣಿಸಬೇಕು.